ದೊಡ್ಡವರು ಕೊಂಡ ಷೇರನ್ನೇ ನಾವೂ ಕೊಂಡರೆ ಸಾಲದೇ?

ಷೇರು ಮಾರುಕಟ್ಟೆಯ ಬಗ್ಗೆ ಬರೆಯುವವನು ಎಂದು ತಿಳಿದ ಮೇಲೆ ಬಂಧುಗಳೂ ಸ್ನೇಹಿತರೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ದೊಡ್ಡ ದೊಡ್ಡ ಫಂಡ್ ಮ್ಯಾನೇಜರ್‌ಗಳು ಏನು ಕೊಂಡರು, ಏನು ಮಾರಿದರು ಎಂಬುದೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ, ಅವರು ಕೊಂಡದ್ದನ್ನೇ ನಾವೂ ಕೊಂಡುಬಿಟ್ಟರೆ ಸಾಲದೇ?" ಇಲ್ಲಿಯವರು ಟ್ರೆಂಡ್‌ಲೈನ್, ಸ್ಕ್ರೀನರ್ ತಾಣಗಳನ್ನು ತೆರೆದಿಟ್ಟುಕೊಂಡು ಕೇಳುತ್ತಾರೆ, ಅಮೆರಿಕದಲ್ಲಿ ನೆಲೆಸಿದವರು ಡೇಟಾರೋಮಾ, ವೇಲ್‌ವಿಸ್ಡಮ್ ತೆರೆದಿಟ್ಟುಕೊಂಡು ಕೇಳುತ್ತಾರೆ. ಕೊಂಡ ಷೇರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಕೆಲವೇ ಮಂದಿಯನ್ನು ಹಿಂಬಾಲಿಸುವುದರಲ್ಲಿ ಅರ್ಥವಿದೆ, ಉಳಿದವರ ಪಟ್ಟಿ ನಮ್ಮ ಕೈ ಸೇರುವ ಹೊತ್ತಿಗೆ ಹಳಸಿರುತ್ತದೆ ಎಂಬುದು ನನ್ನ ಉತ್ತರ. ಹಾಗೆ ಹೇಳುವುದಕ್ಕೆ ಕಾರಣ ಆ ಮಾಹಿತಿ ಹುಟ್ಟುವ ಜಾಗದಲ್ಲೇ ಇದೆ.

ಈ ತಾಣಗಳಲ್ಲಿ ಯಾವುದಕ್ಕೂ ಗುಟ್ಟಿನ ಸುದ್ದಿ ಸಿಗುವುದಿಲ್ಲ. ಕಾನೂನಿನ ಪ್ರಕಾರ ಸಲ್ಲಿಸಲೇಬೇಕಾದ ದಾಖಲೆಗಳನ್ನು ಅವು ಒಟ್ಟುಗೂಡಿಸಿ, ಕೋಷ್ಟಕ ಮಾಡಿ, ಬಣ್ಣ ಹಚ್ಚಿ ತೋರಿಸುತ್ತವೆ, ಅಷ್ಟೆ. ಅಮೆರಿಕದಲ್ಲಿ 1975ರ ತಿದ್ದುಪಡಿಯಿಂದ ಬಂದ 13ಎಫ್ ಎಂಬ ನಿಯಮವಿದೆ. ಅಲ್ಲಿನ ಷೇರುಗಳಲ್ಲಿ 10 ಕೋಟಿ ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಹಣವನ್ನು ನಿರ್ವಹಿಸುವ ಸಂಸ್ಥೆಗಳು ಪ್ರತಿ ತ್ರೈಮಾಸಿಕದ ಕೊನೆಯ ದಿನ ತಮ್ಮ ಬಳಿ ಏನೇನಿತ್ತು ಎಂಬ ಪಟ್ಟಿಯನ್ನು 45 ದಿನಗಳ ಒಳಗೆ ಸಲ್ಲಿಸಬೇಕು. ಹೆಚ್ಚಿನವರು ಗಡುವಿನ ಕೊನೆಯ ದಿನದವರೆಗೂ ಕಾಯುತ್ತಾರೆ, ಏಕೆಂದರೆ ತಮ್ಮ ಕೈಯ ಎಲೆಗಳನ್ನು ಬೇಗ ತೋರಿಸಿ ಅವರಿಗೇನೂ ಆಗಬೇಕಾದದ್ದಿಲ್ಲ. ಅಂದರೆ ಜನವರಿಯ ಮೊದಲ ವಾರ ಕೊಂಡ ಷೇರು ನಮಗೆ ಮೇ ತಿಂಗಳ ನಡುವಿನಲ್ಲಿ ಕಾಣಿಸುತ್ತದೆ.

ಈ ತಡ ಎಷ್ಟು ದೊಡ್ಡದೆಂದು ತಿಳಿಯಲು ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಕಂಪನಿಯ ಎರಡು ದಾಖಲೆಗಳನ್ನು ನೋಡಿದರೆ ಸಾಕು. 2020ರ ಮೇ 2ರಂದು ನಡೆದ ವಾರ್ಷಿಕ ಸಭೆಯಲ್ಲಿ, ಅಮೆರಿಕದ ನಾಲ್ಕು ದೊಡ್ಡ ವಿಮಾನಯಾನ ಕಂಪನಿಗಳಲ್ಲಿದ್ದ ಷೇರುಗಳನ್ನೆಲ್ಲ ಮಾರಿಬಿಟ್ಟೆವೆಂದು ಬಫೆಟ್ ಹೇಳಿದರು. ಅದೇ ತಿಂಗಳು 15ರಂದು ಬಂದ 13ಎಫ್ ಪಟ್ಟಿ ಮಾರ್ಚ್ 31ರ ಸ್ಥಿತಿಯನ್ನು ಹೇಳುವಂಥದ್ದಾದ್ದರಿಂದ ಅದರಲ್ಲಿ ಆ ಕಂಪನಿಗಳು ಹಾಗೆಯೇ ಉಳಿದಿದ್ದವು. ಸಭೆಯ ಸುದ್ದಿಯನ್ನು ಕೇಳದೆ ಬರೀ ಪಟ್ಟಿ ನಂಬಿದವನಿಗೆ, ಬಫೆಟ್ ಕೈಬಿಟ್ಟ ಷೇರು ಇನ್ನೂ ಬಫೆಟ್ ಷೇರಾಗಿಯೇ ಕಂಡಿರುತ್ತದೆ.

ಇನ್ನೊಂದು ದಾಖಲೆ ಇದಕ್ಕೆ ತದ್ವಿರುದ್ಧವಾದ ಪಾಠ ಹೇಳುತ್ತದೆ. ಆಪಲ್ ಕಂಪನಿಯ ಷೇರು ಬರ್ಕ್‌ಷೈರ್ ಪಟ್ಟಿಯಲ್ಲಿ ಮೊದಲು ಕಾಣಿಸಿಕೊಂಡದ್ದು 2016ರ ಮೇ 16ರಂದು. ಮಾರ್ಚ್ 31ಕ್ಕೆ ಅವರ ಬಳಿ ಸುಮಾರು 98 ಲಕ್ಷ ಷೇರುಗಳಿದ್ದವು. ಮಾರ್ಚ್ ಕೊನೆಗೆ ಆ ಷೇರಿನ ಬೆಲೆ 109 ಡಾಲರಿನ ಆಸುಪಾಸಿನಲ್ಲಿತ್ತು, ಪಟ್ಟಿ ಹೊರಬಿದ್ದ ದಿನ 94 ಡಾಲರಿನ ಆಸುಪಾಸಿಗೆ ಇಳಿದಿತ್ತು. ತಡವಾಗಿ ತಿಳಿದವನಿಗೇ ಅಗ್ಗಕ್ಕೆ ಸಿಗುತ್ತಿತ್ತು! ಆದರೆ ಆ ಮೊದಲ ಖರೀದಿ ಬಫೆಟ್ ಅವರದಾಗಿರಲಿಲ್ಲ, ಅವರ ಕೈಕೆಳಗೆ ಹಣ ನಿರ್ವಹಿಸುತ್ತಿದ್ದ ಇಬ್ಬರಲ್ಲಿ ಒಬ್ಬರದಾಗಿತ್ತು. ಬಫೆಟ್ ತಾವೇ ದೊಡ್ಡ ಮೊತ್ತ ಹೂಡಿದ್ದು ಆಮೇಲೆ. 13ಎಫ್ ಪಟ್ಟಿ ಇಡೀ ಸಂಸ್ಥೆಯ ಹೆಸರಿನಲ್ಲಿರುತ್ತದೆ, ನಿರ್ಧಾರ ಯಾರದೆಂದು ಅದು ಹೇಳುವುದಿಲ್ಲ. ಹೀಗಿದ್ದರೂ ತಾಣಗಳೆಲ್ಲ ಅದರ ಮೇಲೆ ಒಬ್ಬರ ಭಾವಚಿತ್ರ ಅಂಟಿಸಿ ತೋರಿಸುತ್ತವೆ.

ವರ್ಷಗಟ್ಟಲೆ ಇಟ್ಟುಕೊಳ್ಳುವವರನ್ನು ಹಿಂಬಾಲಿಸಲು ಒಂದೂವರೆ ತಿಂಗಳ ತಡ ಅಡ್ಡಿಯಲ್ಲ ಎಂಬುದಕ್ಕೆ ಅಧ್ಯಯನದ ಆಧಾರವೂ ಇದೆ. 1976ರಿಂದ 2006ರವರೆಗಿನ ಬರ್ಕ್‌ಷೈರ್ ಖರೀದಿಗಳನ್ನು, ಅವು ಬಹಿರಂಗವಾದ ಮರುತಿಂಗಳ ಆರಂಭದಲ್ಲಿ ನಕಲು ಮಾಡಿದ್ದರೆ ಏನಾಗುತ್ತಿತ್ತೆಂದು ಅಮೆರಿಕದ ಇಬ್ಬರು ಪ್ರಾಧ್ಯಾಪಕರು ಲೆಕ್ಕ ಹಾಕಿದಾಗ, ಅಲ್ಲಿನ ಎಸ್ ಆಂಡ್ ಪಿ 500 ಸೂಚ್ಯಂಕಕ್ಕಿಂತ ಸಾಕಷ್ಟು ಹೆಚ್ಚಿನ ಲಾಭವೇ ಕಂಡಿತು. ಮೂರು ತಿಂಗಳಿಗೊಮ್ಮೆ ಅರ್ಧ ಪೋರ್ಟ್‌ಫೋಲಿಯೋ (ಕೈಯಲ್ಲಿರುವ ಹೂಡಿಕೆಗಳ ಗುಂಪು) ಬದಲಿಸುವ ಹೆಡ್ಜ್ ಫಂಡಿಗೆ, ಅಂದರೆ ಸಿರಿವಂತರ ಹಣ ಪಡೆದು ಚುರುಕಾಗಿ ವಹಿವಾಟು ನಡೆಸುವ ನಿಧಿಗೆ, ಈ ಲೆಕ್ಕವನ್ನು ಹೊಂದಿಸಿಕೊಳ್ಳುವಂತಿಲ್ಲ.

ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ತಿಳಿದಿರಬೇಕು. ಬೆಲೆ ಇಳಿಯುತ್ತದೆಂದು ಎಣಿಸಿ ಬೇರೆಯವರಿಂದ ಎರವಲು ತಂದು ಮಾರಿದ ಷೇರು, ಕೈಯಲ್ಲಿರುವ ನಗದು, ಹೊರದೇಶದ ವಿನಿಮಯ ಕೇಂದ್ರಗಳಲ್ಲಿ ಮಾತ್ರ ವಹಿವಾಟಾಗುವ ಷೇರು, ಇವು ಯಾವುವೂ 13ಎಫ್ ವ್ಯಾಪ್ತಿಗೆ ಬರುವುದಿಲ್ಲ. ಬರ್ಕ್‌ಷೈರ್ 2008ರಿಂದ ಹೊಂದಿದ್ದ ಚೀನಾದ ಬಿವೈಡಿ ಹಾಂಗ್‌ಕಾಂಗ್‌ನಲ್ಲಿ ವಹಿವಾಟಾಗುವ ಷೇರಾದ್ದರಿಂದ ಆ ಪಟ್ಟಿಯಲ್ಲಿ ಕಾಣಿಸುತ್ತಲೇ ಇರಲಿಲ್ಲ. ಇನ್ನು ಕೆಲವೊಮ್ಮೆ, ಖರೀದಿ ಪೂರ್ತಿಯಾಗುವವರೆಗೆ ಹೆಸರನ್ನು ಮುಚ್ಚಿಡಲು ನಿಯಂತ್ರಕರೇ ಅನುಮತಿ ಕೊಡುತ್ತಾರೆ. ವಿಮಾ ಕಂಪನಿ ಚಬ್‌ನಲ್ಲಿ ಬರ್ಕ್‌ಷೈರ್ ಸುಮಾರು 670 ಕೋಟಿ ಡಾಲರ್ ಮೌಲ್ಯದ ಷೇರು ಹೊಂದಿರುವುದು ಲೋಕಕ್ಕೆ ತಿಳಿದದ್ದು 2024ರ ಮೇ 15ರಂದು. ಖರೀದಿ ಅದಕ್ಕಿಂತ ತಿಂಗಳುಗಳ ಹಿಂದೆಯೇ ಶುರುವಾಗಿತ್ತು.

ಇರುವ ಅಂಕಿಗಳನ್ನು ಓದುವಾಗಲೂ ಎಡವುವ ಜಾಗಗಳಿವೆ. 2023ರ ಆಗಸ್ಟ್‌ನಲ್ಲಿ "ಮೈಕೆಲ್ ಬರ್ರಿ ಮಾರುಕಟ್ಟೆ ಕುಸಿತದ ಮೇಲೆ 160 ಕೋಟಿ ಡಾಲರ್ ಪಣ ಕಟ್ಟಿದ್ದಾರೆ" ಎಂಬ ಸುದ್ದಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಓಡಾಡಿತು. ಬರ್ರಿ ಅಮೆರಿಕದ ಫಂಡ್ ಮ್ಯಾನೇಜರ್. ಅವರ ಸಂಸ್ಥೆಯ ದಾಖಲೆಯಲ್ಲಿದ್ದದ್ದು ಎರಡು ಸೂಚ್ಯಂಕ ನಿಧಿಗಳ (ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಂಡಿಟ್ಟುಕೊಳ್ಳುವ ನಿಧಿಗಳ) ತಲಾ 20 ಲಕ್ಷ ಷೇರುಗಳಿಗೆ ಸಂಬಂಧಿಸಿದ ಪುಟ್ ಆಪ್ಷನ್‌ಗಳು. ಪುಟ್ ಆಪ್ಷನ್ ಎಂದರೆ ಗೊತ್ತಾದ ಬೆಲೆಗೆ ಮಾರುವ ಹಕ್ಕು, ಮಾರುಕಟ್ಟೆ ಬೆಲೆ ಇಳಿದಷ್ಟೂ ಅದರ ಬೆಲೆ ಏರುತ್ತದೆ. ಅದನ್ನು ಕೊಳ್ಳಲು ಕೊಡುವ ಹಣ ಆ ಷೇರುಗಳ ಪೂರ್ಣ ಬೆಲೆಯ ಒಂದು ಸಣ್ಣ ಭಾಗ. 13ಎಫ್ ನಿಯಮವೋ, ಕೊಟ್ಟ ಹಣವನ್ನಲ್ಲ, ಹಕ್ಕಿನ ಹಿಂದಿರುವ ಷೇರುಗಳ ಪೂರ್ಣ ಮೌಲ್ಯವನ್ನು ನಮೂದಿಸಲು ಹೇಳುತ್ತದೆ. 160 ಕೋಟಿ ಬಂದದ್ದು ಅಲ್ಲಿಂದ. ನವೆಂಬರಿನ ಪಟ್ಟಿ ಬರುವಷ್ಟರಲ್ಲಿ ಆ ಆಪ್ಷನ್‌ಗಳು ಮಾಯವಾಗಿದ್ದವು.

ಷೇರು ವಿಭಜನೆ ಮಾಡುವ ಗೊಂದಲ ಬೇರೆ ಬಗೆಯದು. 2020ರ ಜೂನ್ ಅಂತ್ಯಕ್ಕೆ ಬರ್ಕ್‌ಷೈರ್ ಬಳಿ ಆಪಲ್‌ನ ಸುಮಾರು 24.5 ಕೋಟಿ ಷೇರುಗಳಿದ್ದವು. ಸೆಪ್ಟೆಂಬರ್ ಅಂತ್ಯದ ಪಟ್ಟಿಯಲ್ಲಿ ಸುಮಾರು 94.4 ಕೋಟಿ. ನೋಡಿದವನಿಗೆ ನಾಲ್ಕು ಪಟ್ಟು ಹತ್ತಿರ ಕೊಂಡಂತೆ ತೋರುತ್ತದೆ. ನಡುವೆ ಆಗಸ್ಟ್‌ನಲ್ಲಿ ಆಪಲ್ ಒಂದು ಷೇರನ್ನು ನಾಲ್ಕಾಗಿ ವಿಭಜಿಸಿತ್ತು. ಕೈಹಚ್ಚದೆ ಇಟ್ಟಿದ್ದರೆ 98 ಕೋಟಿ ಆಗಬೇಕಿತ್ತು, ಆದ್ದರಿಂದ ನಿಜವಾಗಿ ನಡೆದದ್ದು ಸುಮಾರು 3.6 ಕೋಟಿ ಷೇರುಗಳ ಮಾರಾಟ. ಒಳ್ಳೆಯ ತಾಣ ಇದನ್ನು ಸರಿಪಡಿಸಿ ತೋರಿಸುತ್ತದೆ, ಎಲ್ಲವೂ ಅಲ್ಲ. ನಮ್ಮಲ್ಲಿ ಬೋನಸ್ ಷೇರು (ಇರುವ ಷೇರುದಾರರಿಗೆ ಪುಕ್ಕಟೆಯಾಗಿ ಹಂಚುವ ಷೇರು) ಕೊಡುವ ಕಂಪನಿಗಳು ಧಾರಾಳವಾಗಿರುವುದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಭಾರತದ ವ್ಯವಸ್ಥೆ ಒಂದು ವಿಷಯದಲ್ಲಿ ಅಮೆರಿಕಕ್ಕಿಂತ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ನಮ್ಮ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಮ್ಯೂಚುವಲ್ ಫಂಡ್‌ಗಳು ಪ್ರತಿ ತಿಂಗಳೂ, ತಿಂಗಳು ಮುಗಿದ 10 ದಿನಗಳೊಳಗೆ, ಪ್ರತಿಯೊಂದು ಯೋಜನೆಯ ಪೂರ್ತಿ ಪೋರ್ಟ್‌ಫೋಲಿಯೋವನ್ನು ಪ್ರಕಟಿಸಬೇಕು. ಒಂದು ಕಂಪನಿಯ ಒಟ್ಟು ಷೇರುಗಳಲ್ಲಿ ಶೇ 0.5ಕ್ಕಿಂತ ಹೆಚ್ಚನ್ನು ಒಬ್ಬರೇ ಒಂದು ದಿನದಲ್ಲಿ ಕೊಂಡರೆ ಅಥವಾ ಮಾರಿದರೆ, ಆ ಬಲ್ಕ್ ಡೀಲ್ ವಿವರ ಹೆಸರು, ಬೆಲೆಗಳ ಸಮೇತ ಅದೇ ದಿನ ಸಂಜೆ ವಿನಿಮಯ ಕೇಂದ್ರದ ತಾಣದಲ್ಲಿರುತ್ತದೆ.

ಆದರೆ ಮ್ಯೂಚುವಲ್ ಫಂಡ್ ಕೊಂಡ ಮಾತ್ರಕ್ಕೆ ಮ್ಯಾನೇಜರ್ ಆ ಷೇರನ್ನು ಮೆಚ್ಚಿದ್ದಾರೆಂದು ತೀರ್ಮಾನಿಸುವ ಹಾಗಿಲ್ಲ. ಎಸ್‌ಐಪಿ (ಕಂತಿನ ಹೂಡಿಕೆ) ಮೂಲಕ ತಿಂಗಳು ತಿಂಗಳು ಹಣ ಬಂದು ಬೀಳುತ್ತಿರುವಾಗ ಅವರು ಏನನ್ನಾದರೂ ಕೊಳ್ಳಲೇಬೇಕು, ಇದ್ದ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಸ್ವಲ್ಪ ಸ್ವಲ್ಪ ಸೇರಿಸುತ್ತಾರೆ. ಸೂಚ್ಯಂಕ ನಿಧಿಯಾದರೆ ಆಯ್ಕೆಯೇ ಇಲ್ಲ. 2017ರ ಸೆಬಿ ಸುತ್ತೋಲೆಯ ನಂತರ ಮಿಡ್‌ಕ್ಯಾಪ್ (ಮಧ್ಯಮ ಗಾತ್ರದ ಕಂಪನಿಗಳ) ಯೋಜನೆಗಳು ಕನಿಷ್ಠ ಶೇ 65 ಭಾಗವನ್ನು ಮಾರುಕಟ್ಟೆ ಮೌಲ್ಯದಲ್ಲಿ 101ರಿಂದ 250ನೇ ಸ್ಥಾನದ ಕಂಪನಿಗಳಲ್ಲೇ ಹೂಡಬೇಕು. ಮ್ಯೂಚುವಲ್ ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿ ಆ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತದೆ. ಚೆನ್ನಾಗಿ ಬೆಳೆದು ಮೊದಲ ನೂರರೊಳಗೆ ಬಂದ ಕಂಪನಿಯನ್ನು, ಬೆಳೆದದ್ದೇ ಕಾರಣವಾಗಿ, ಮಿಡ್‌ಕ್ಯಾಪ್ ಯೋಜನೆ ಕಡಿಮೆ ಮಾಡಬೇಕಾಗಿ ಬರಬಹುದು. ತಾಣದಲ್ಲಿ ಅದು ಕೆಂಪು ಬಾಣವಾಗಿ ಕಾಣುತ್ತದೆ.

ವೈಯಕ್ತಿಕ ಹೂಡಿಕೆದಾರರ ಹೆಸರಿನ ಹಿಂದೆ ಬೀಳುವವರಿಗೆ ಶೇ 1ರ ಗೆರೆ ದೊಡ್ಡ ಬಲೆ. ಕಂಪನಿಗಳು ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕೊಡುವ ಷೇರುದಾರರ ಪಟ್ಟಿಯಲ್ಲಿ, ಸಾರ್ವಜನಿಕ ಷೇರುದಾರರ ಪೈಕಿ ಶೇ 1 ಅಥವಾ ಹೆಚ್ಚು ಪಾಲಿರುವವರ ಹೆಸರು ಮಾತ್ರ ಇರುತ್ತದೆ. ಶೇ 1.02 ಇದ್ದವರು ಶೇ 0.98ಕ್ಕೆ ಇಳಿದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ, ಮರುದಿನ "ಪೂರ್ತಿ ಮಾರಿ ಹೊರಬಂದರು" ಎಂಬ ತಲೆಬರಹ ಬರುತ್ತದೆ. ಕಂಪನಿ ಹೊಸ ಷೇರು ಹೊರಡಿಸಿದರೆ ಒಂದೇ ಒಂದು ಷೇರನ್ನೂ ಮಾರದೆ ಪಾಲು ಇಳಿಯುತ್ತದೆ. ನಮ್ಮ ಬೆಂಗಳೂರಿನ ಟೈಟನ್ ಕಂಪನಿಯಲ್ಲಿ ಹೆಸರಾಂತ ಹೂಡಿಕೆದಾರ ರಾಕೇಶ್ ಝುನ್‌ಝುನ್‌ವಾಲಾ ಅವರು 2022ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಎರಡು ದಶಕ ಷೇರು ಇಟ್ಟುಕೊಂಡಿದ್ದರು. ಹಾಗೆ ಇಟ್ಟುಕೊಂಡವರ ತ್ರೈಮಾಸಿಕ ಏರಿಳಿತವನ್ನು ಹಿಡಿದು ಕೊಳ್ಳುವುದು, ಮಾರುವುದು ಮಾಡಿದವನು ಅವರನ್ನು ಹಿಂಬಾಲಿಸಿದಂತೆ ಆಗುವುದೇ ಇಲ್ಲ.

ನಾನು ನೋಡುವುದು ಮೂರು ನಾಲ್ಕು ಮ್ಯಾನೇಜರ್‌ಗಳನ್ನು ಮಾತ್ರ. ಮೌಲ್ಯದ ಅಂಕಣವನ್ನು ಬಿಟ್ಟು ಷೇರುಗಳ ಸಂಖ್ಯೆಯ ಅಂಕಣವನ್ನು ಓದುತ್ತೇನೆ, ಏಕೆಂದರೆ 200 ರೂಪಾಯಿಯ ಷೇರು 240 ಆದರೆ ಏನೂ ಕೊಳ್ಳದೆಯೇ ಹೂಡಿಕೆ ಶೇ 20 ಹೆಚ್ಚಿದಂತೆ ಕಾಣುತ್ತದೆ. ಪೋರ್ಟ್‌ಫೋಲಿಯೋದ ಅರ್ಧ ಪರ್ಸೆಂಟಿನಷ್ಟು ಸಣ್ಣ ಖರೀದಿಗೆ ತಲೆಕೆಡಿಸಿಕೊಳ್ಳುವುದಿಲ್ಲ. ಶೇ 5 ದಾಟಿದ ಹೊಸ ಹೆಸರು ಕಂಡರೆ ಆ ಕಂಪನಿಯ ವಾರ್ಷಿಕ ವರದಿಯನ್ನು ಓದಲು ಕೂರುತ್ತೇನೆ. ಓದಿದ ಮೇಲೂ ಏಕೆ ಕೊಂಡರೆಂದು ನನಗೇ ಹೇಳಿಕೊಳ್ಳಲಾಗದಿದ್ದರೆ ಕೊಳ್ಳುವುದಿಲ್ಲ. ಅವರು ಮಾರುವ ದಿನ ನನಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲವಲ್ಲ.

ಇದರ ಬೆನ್ನಿಗೇ ಬರುವ ಪ್ರಶ್ನೆ, ಯಾವ ತಾಣಕ್ಕೆ ಚಂದಾ ಕಟ್ಟಬೇಕು ಎಂಬುದು. ಅಮೆರಿಕದ ಮೂಲ ದಾಖಲೆಗಳು ಅಲ್ಲಿನ ನಿಯಂತ್ರಕರ ಎಡ್ಗರ್ ತಾಣದಲ್ಲಿ, ನಮ್ಮವು ಎನ್‌ಎಸ್‌ಇ, ಬಿಎಸ್‌ಇ ಮತ್ತು ಆಯಾ ಫಂಡ್ ಸಂಸ್ಥೆಗಳ ತಾಣಗಳಲ್ಲಿ ಪುಕ್ಕಟೆಯಾಗಿವೆ. ಹತ್ತಾರು ಹೆಸರುಗಳನ್ನು ಹೋಲಿಸಿ ನೋಡುವ ಶ್ರಮ ಉಳಿಸಲು ಉಚಿತ ಖಾತೆ ಸಾಕು. ಅಂಕಿಯೊಂದು ನಂಬಲಾಗದಷ್ಟು ದೊಡ್ಡದಾಗಿ ಕಂಡಾಗ ಮಾತ್ರ ಮೂಲ ದಾಖಲೆಗೆ ಹೋಗಿ, ಅದರ ಎದುರು ಪುಟ್ ಅಥವಾ ಕಾಲ್ (ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು) ಎಂದು ಬರೆದಿದೆಯೇ, ಆ ಅವಧಿಯಲ್ಲಿ ಬೋನಸ್ ಅಥವಾ ವಿಭಜನೆ ಆಗಿದೆಯೇ ಎಂದು ನೋಡಿಕೊಳ್ಳಿ.