ಕೊಟ್ಟಿಗೆಯ ಕಂಬ

ಇವತ್ತು ಶಿರಸಿ ಹತ್ತಿರದ ಒಂದು ಹಳೇ ಕೊಟ್ಟಿಗೆಯಲ್ಲಿ ಕೂತು ಚಿತ್ರ ಬರೆದೆ. ಪೂರ್ತಿ ಕೊಟ್ಟಿಗೆಯದ್ದಲ್ಲ, ಒಂದೇ ಒಂದು ಕಂಬದ್ದು.

ದನ ಕಟ್ಟುತ್ತಿದ್ದ ಕಂಬ. ಮೊಣಕಾಲೆತ್ತರದಲ್ಲಿ ಕಣ್ಣಿ ಉಜ್ಜಿ ಉಜ್ಜಿ ಸುತ್ತಲೂ ಸವೆದಿದೆ. ಅದರ ಮೇಲೆ, ದನಗಳು ಕುತ್ತಿಗೆ ತುರಿಸಿಕೊಂಡ ಜಾಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಆ ಹೊಳಪು ಹಿಡಿಯಲು ಕಂದು, ಕಪ್ಪು, ಚೂರು ನೀಲಿ, ಏನೇನೋ ಬೆರೆಸಿದೆ. ಹತ್ತಿರ ಬಂತು, ಅಷ್ಟೇ.

ಈಗ ಅಲ್ಲಿ ದನ ಇಲ್ಲ. ದನಕ್ಕೆ ಅಕ್ಕಚ್ಚು ಕುಡಿಸುತ್ತಿದ್ದ ಮರಿಗೆಯಲ್ಲಿ ಅಡಿಕೆ ಸಿಪ್ಪೆ. ಮೂಲೆಯಲ್ಲಿ ಬೈಕು.

ಈ ಕಡೆ ಕೊಟ್ಟಿಗೆ ಇದ್ದದ್ದು ಬರೀ ಹಾಲಿಗಲ್ಲ ಅಲ್ವಾ. ಬೆಟ್ಟದಿಂದ ಸೊಪ್ಪು ತಂದು ದನದ ಕಾಲಡಿ ಹಾಸಬೇಕು. ಅದು ಸಗಣಿ, ಗಂಜಲದ ಜೊತೆ ಕೊಳೆತು ಗೊಬ್ಬರವಾಗಿ ಅಡಿಕೆ ಬುಡಕ್ಕೆ ಹೋಗಬೇಕು. ಅದಕ್ಕೆಂದೇ ಬ್ರಿಟಿಷರ ಕಾಲದಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ಬೆಟ್ಟವೂ ಇದೆ, ತೋಟವೂ ಇದೆ. ನಡುವಿನ ಕೊಟ್ಟಿಗೆಯೇ ಖಾಲಿ.

ಯಾರನ್ನೂ ದೂರಲಾರೆ. ಸೊಪ್ಪು ಕಡಿಯಲು ಜನ ಸಿಗುವುದಿಲ್ಲ, ಮಕ್ಕಳು ಬೆಂಗಳೂರಲ್ಲಿ. ಕತ್ತಲಿರುವಾಗಲೇ ಎದ್ದು ಸಗಣಿ ಬಾಚಿದ ಹೆಂಗಸರ ಸೊಂಟನೋವನ್ನೂ ನೋಡಿದ್ದೇನೆ.

ಆದರೂ ಸಂಕಟ ಆಗುತ್ತದೆ. ಮನೆಯ ಅಮ್ಮ ಚಹಾ ತಂದಿಟ್ಟು, "ಬರೋ ತಿಂಗಳು ಕೆಡವ್ತೇವೆ, ಬೇಗ ಬರ್ಕೊಳ್ಳಿ" ಅಂದರು.

ನಿಮ್ಮ ಮನೆ ಕೊಟ್ಟಿಗೆ ಇನ್ನೂ ನಿಂತಿದ್ದರೆ ದಯವಿಟ್ಟು ತಿಳಿಸಿ. ಬಣ್ಣ ಹಿಡಿದುಕೊಂಡು ಬರುತ್ತೇನೆ. ಮಳೆಗಾಲ ಹಿಡಿಯುವುದರೊಳಗೆ ಆದರೆ ಒಳ್ಳೆಯದು.