ಸಾಕ್ಷಿ ಸಹಿ ಹಾಕುವ ಮುಂಚೆ

ನಾನು ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ನರ್ಸ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಕಿದ ಒಂದು ಸಹಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ತೂಕ 1,150 ಗ್ರಾಂ. ಸಿಸೇರಿಯನ್ ಆಗಿ ಮೂರನೇ ದಿನಕ್ಕೆ ತಾಯಿ ಗೋಡೆ ಹಿಡಿದುಕೊಂಡು ನಡೆದು ಬಂದರು. ಕೈಯಲ್ಲಿ ಸ್ಟೀಲ್ ಲೋಟ, ತಳದಲ್ಲಿ ಹಿಂಡಿದ ಹಾಲು ಒಂದು ಚಮಚದಷ್ಟೂ ಇರಲಿಲ್ಲ. ಅದನ್ನೇ ಸಿರಿಂಜಿಗೆ ಎಳೆದು ಟ್ಯೂಬಿನಲ್ಲಿ ಸಲಕ್ಕೆ 2 ಮಿ.ಲೀ. ಕೊಡುತ್ತಿದ್ದೆವು.

ಆಗಲೇ ಒಪ್ಪಿಗೆ ಪತ್ರ ಬಂತು. ಇಂಥ ಮಕ್ಕಳಿಗೆ ಹಾಲು ಎಷ್ಟು ಒಗ್ಗುತ್ತದೆ ಅನ್ನುವ ಅಧ್ಯಯನ. ತಾಯಿಗೆ ಓದು ಬರದು, ಸಾಕ್ಷಿ ಬೇಕು. ಅವರು ಮೆಲ್ಲಗೆ ಕೇಳಿದರು: "ಸಿಸ್ಟರ್, ನಾನು ಒಪ್ಪಲಿಲ್ಲ ಅಂದ್ರೆ ಪಾಪುನ ಹೊರಗೆ ಹಾಕ್ತಾರಾ?" "ಹಾಗೇನಿಲ್ಲಮ್ಮ, ಒತ್ತಿ" ಅಂದೆ. ಹೆಬ್ಬೆಟ್ಟು ಬಿತ್ತು. ನಾನೂ ಸಹಿ ಹಾಕಿದೆ. ಆ ಪ್ರಶ್ನೆಯಲ್ಲಿದ್ದದ್ದು ಹೆದರಿಕೆ. ಅದನ್ನು ನಾನು ಒಪ್ಪಿಗೆ ಅಂದುಕೊಂಡೆ.

ತಿಂಗಳಾದ ಮೇಲೆ ಫೈಲ್ ಜೋಡಿಸುವಾಗ ಕೊನೆಯ ಪುಟ ಕಣ್ಣಿಗೆ ಬಿತ್ತು. ದುಡ್ಡು ಕೊಟ್ಟದ್ದು ಹಾಲಿನ ಪುಡಿ ಮಾಡುವ ಕಂಪನಿ. ಅಧ್ಯಯನ ಮಾಡುವವರನ್ನು ಕೇಳಿದರೆ, "ಪುಡಿ ಕೊಡ್ತಿಲ್ವಲ್ಲ, ಸುಮ್ನೆ ಬರೆದುಕೊಳ್ತಿದ್ದೀವಿ" ಅಂದರು. ನಮ್ಮ ಹಿರಿಯ ಸಿಸ್ಟರ್ 1992ರ ಶಿಶು ಹಾಲಿನ ಕಾಯ್ದೆ ತೋರಿಸಿದರು. ಅದು 2003ರಲ್ಲಿ ಇನ್ನೂ ಬಿಗಿಯಾಗಿದೆ. ಡಬ್ಬಿಯ ಜಾಹೀರಾತು ಕೂಡದು ಅನ್ನುವುದಷ್ಟೇ ನನಗೆ ಗೊತ್ತಿತ್ತು. 9ನೇ ಸೆಕ್ಷನ್ ಪ್ರಕಾರ ಈ ಕಂಪನಿಗಳು ಆರೋಗ್ಯ ಕಾರ್ಯಕರ್ತರಿಗೆ ಸೆಮಿನಾರ್, ಫೆಲೋಶಿಪ್, ಸಂಶೋಧನೆ ಯಾವುದಕ್ಕೂ ಹಣ ಕೊಡುವಂತಿಲ್ಲ. ಪುಡಿ ಕೊಟ್ಟರೂ ಒಂದೇ, ಬರೀ ಬರೆದುಕೊಂಡರೂ ಒಂದೇ.

ಇದು ಯಾಕೆ ಮುಖ್ಯ ಅಂದರೆ, ದುಡ್ಡು ಹಾಕಿದವರೇ ಪ್ರಶ್ನೆಯನ್ನೂ ಆರಿಸುತ್ತಾರೆ. ಬೇಗ ಹುಟ್ಟಿದ ಮಕ್ಕಳಿಗೆ ಪುಡಿ ಹಾಲು ಕುಡಿಸಿದರೆ ಎನ್‌ಇಸಿ ಅನ್ನುವ ಕರುಳಿನ ಕಾಯಿಲೆಯ ಅಪಾಯ ಜಾಸ್ತಿ. ಆ ತಾಯಿಯ ಲೋಟದಲ್ಲಿ ಇನ್ನೆರಡು ಚಮಚ ಹಾಲು ಬರುವಂತೆ ಮಾಡುವುದು ಹೇಗೆ ಅನ್ನುವ ಪ್ರಶ್ನೆಗೆ ಪುಡಿ ಮಾರುವವರು ಯಾಕೆ ಖರ್ಚು ಮಾಡುತ್ತಾರೆ, ಹೇಳಿ?

ಹಿರಿಯ ಸಿಸ್ಟರ್ ಮತ್ತು ನಾನು, ಅಧ್ಯಯನಗಳು ಸರಿಯೇ ಎಂದು ನೋಡುವ ಎಥಿಕ್ಸ್ ಕಮಿಟಿಗೆ ಬರೆದು ಕೊಟ್ಟೆವು. ಉತ್ತರ ಬರಲು ತಡವಾಯಿತು. ಅಷ್ಟರಲ್ಲಿ ಇನ್ನೂ ಕೆಲವು ಮಕ್ಕಳು ಸೇರಿದ್ದರು.

ಈಗ ಪತ್ರ ಬಂದರೆ ಮೊದಲು ದುಡ್ಡಿನ ಪುಟ ಓದುತ್ತೇನೆ. ಸಿಟಿಆರ್‌ಐ ಅನ್ನುವ, ದೇಶದ ವೈದ್ಯಕೀಯ ಅಧ್ಯಯನಗಳ ನೋಂದಣಿಯಲ್ಲಿ ಪ್ರಾಯೋಜಕರ ಹೆಸರು ಇರುತ್ತದೆ, ಮೊಬೈಲಿನಲ್ಲೇ ನೋಡಬಹುದು. ನಮ್ಮ ವಾರ್ಡಿನ ಅಧ್ಯಯನಕ್ಕೆ ನಾನು ಸಾಕ್ಷಿ ಆಗುವುದಿಲ್ಲ. ಹೊರಗಿನವರನ್ನು ಕರೆಸಿ ಅನ್ನುತ್ತೇನೆ. "ಬೇಡ ಅಂದ್ರೂ ಪಾಪುನ ಹೀಗೇ ನೋಡ್ಕೊಳ್ತೀವಿ" ಅಂತ ತಾಯಿ ಕೇಳುವ ಮುಂಚೆಯೇ ಹೇಳುತ್ತೇನೆ.

ಕಳೆದ ವಾರ ಒಬ್ಬರು "ಬೇಡ ಸಿಸ್ಟರ್" ಅಂದರು. ಫೀಡ್ ಹೊತ್ತಾಗಿತ್ತು. ಲೋಟ ತೊಳೆದು ಅವರ ಕೈಗೆ ಕೊಟ್ಟೆ.