ಇನ್ನೂ ಅದೇ ಗಾಡಿಯೇ ಎಂದು ಕೇಳುವವರಿಗೆ

ಕಲಬುರಗಿಯಲ್ಲಿ 2007ರಿಂದ ಒಂದೇ ಕಾರನ್ನು ಓಡಿಸುತ್ತಿರುವವನಿಗೆ ಜನ ಕ್ಷೇಮಸಮಾಚಾರಕ್ಕಿಂತ ಮೊದಲು ಕೇಳುವ ಪ್ರಶ್ನೆಯೊಂದಿದೆ: "ಇನ್ನಾ ಇದೇ ಗಾಡಿ ಅದ ಏನ್ರೀ? ಯಾವಾಗ ಚೇಂಜ್ ಮಾಡ್ತೀರಿ?" ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ಕೊಳ್ಳುವಾಗ ಕೇಳುತ್ತಾರೆ, ಶರಣಬಸವೇಶ್ವರರ ಜಾತ್ರೆಯ ಗದ್ದಲದಲ್ಲಿ ಕೇಳುತ್ತಾರೆ, ಸಾವಾದ ಮನೆಯಿಂದ ಹೊರಬಂದು ಚಪ್ಪಲಿ ಹುಡುಕುತ್ತಿದ್ದಾಗಲೂ ಒಬ್ಬರು ಕೇಳಿದ್ದಾರೆ. ಬಾಯಿಂದ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಹೌದು, ಅದೇ ಗಾಡಿ. ಬದಲಾಯಿಸುವ ವಿಚಾರ ಸದ್ಯಕ್ಕಿಲ್ಲ. ದುಡ್ಡಿದೆಯೋ ಇಲ್ಲವೋ ಎಂಬುದು ನನ್ನ ಮತ್ತು ನನ್ನ ಬ್ಯಾಂಕಿನ ನಡುವಿನ ಮಾತು.

ಗಾಡಿ ಯಾವುದೆಂದು ತಿಳಿಯದವರಿಗೆ: 1061 ಸಿಸಿ ಇಂಜಿನ್ನಿನ ವ್ಯಾಗನ್ ಆರ್. ಕೊಳ್ಳುವಾಗ ನಾನು ಇಂಜಿನ್ ನೋಡಲಿಲ್ಲ, ಚಾವಣಿ ನೋಡಿದೆ. ಅಪ್ಪ ರುಮಾಲು ತೆಗೆಯದೆ, ಬೆನ್ನು ಬಗ್ಗಿಸದೆ ಒಳಗೆ ಕೂರುವಷ್ಟು ಎತ್ತರ ಆಗ ನಮ್ಮ ಕೈಗೆಟಕುವ ಗಾಡಿಗಳಲ್ಲಿ ಇದರದ್ದು ಮತ್ತು ಇನ್ನೊಂದರದ್ದು ಮಾತ್ರವಿತ್ತು. ಆ ಇನ್ನೊಂದರ ಬಣ್ಣ ಅಪ್ಪನಿಗೆ ಹಿಡಿಸಲಿಲ್ಲ. ಹಾಗೆ ಕೊಂಡ ಗಾಡಿಯ ಮೇಲೆ ನನಗಿರುವ ಒಂದೇ ಖಾಯಂ ತಕರಾರೆಂದರೆ ಆ ಕೊನೆಯ 61 ಸಿಸಿ. ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆಂದು ಕಟ್ಟಲೇಬೇಕಾದ ಥರ್ಡ್ ಪಾರ್ಟಿ ವಿಮೆಯ ಕಂತು 1000 ಸಿಸಿಯವರೆಗೆ 2,094 ರೂಪಾಯಿ ಇದ್ದರೆ, ಅದನ್ನು ದಾಟಿ 1500ರವರೆಗೆ 3,416 ರೂಪಾಯಿ ಎಂದು 2022ರಲ್ಲಿ ನಿಗದಿಯಾಯಿತು. ಏರು ಹತ್ತುವಾಗ ಆ 61 ಸಿಸಿ ಎಲ್ಲಿ ಅಡಗಿರುತ್ತದೋ ನಾನು ಕಾಣೆ, ವಿಮೆಯ ರಸೀದಿಯಲ್ಲಿ ಮಾತ್ರ ತಪ್ಪದೆ ಹಾಜರಿರುತ್ತದೆ. ನೋಂದಣಿ ಪುಸ್ತಕದಲ್ಲಿ ಊರಿನ ಹೆಸರು ಗುಲ್ಬರ್ಗಾ ಎಂದಿತ್ತು. 2014ರ ನವೆಂಬರ್ 1ರಂದು ಊರು ಕಲಬುರಗಿಯಾಯಿತು, ಕೆಎ-32 ಹಾಗೆಯೇ ಉಳಿಯಿತು.

ಪ್ರಶ್ನೆಯನ್ನು ನೇರವಾಗಿ ಕೇಳಲು ಸಂಕೋಚಪಡುವವರು ಕಾನೂನನ್ನು ಮುಂದೆ ಮಾಡಿಕೊಂಡು ಬರುತ್ತಾರೆ. "ಹದಿನೈದು ವರ್ಷ ಆದ ಗಾಡಿ ಬಂದ್ ಮಾಡ್ಯಾರಂತಲ್ರೀ" ಎಂದು ಮೊಬೈಲಿನಲ್ಲಿ ಬಂದದ್ದನ್ನು ತೋರಿಸುತ್ತಾರೆ. ಅದು ದಿಲ್ಲಿಯ ಸುದ್ದಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೂ ಹದಿನೈದು ದಾಟಿದ ಪೆಟ್ರೋಲ್ ಗಾಡಿಗೂ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದೆಂದು ಹೊರಟವರು ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಹುಮನಾಬಾದ್ ರಸ್ತೆಯಲ್ಲಿ ಓಡುವ ನನ್ನ ಗಾಡಿಗೆ ಇದರಲ್ಲಿ ಯಾವುದೂ ತಗಲುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು, ತಪಾಸಣೆ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಐದು ವರ್ಷಕ್ಕೆ ನವೀಕರಣವಾಗುತ್ತದೆ. 2021ರಲ್ಲಿ ಬಂದ ಗುಜರಿ ನೀತಿಯೂ ವಯಸ್ಸಾದ ಖಾಸಗಿ ಗಾಡಿಯನ್ನು ಒಡೆಯಿರಿ ಎನ್ನುವುದಿಲ್ಲ, ತಪಾಸಣೆಯಲ್ಲಿ ಪಾಸಾಗದ ಗಾಡಿಯನ್ನು ಒಡೆಯಿರಿ ಎನ್ನುತ್ತದೆ. ವಯಸ್ಸಿನ ಲೆಕ್ಕಕ್ಕೇ ಮೂಲೆ ಸೇರಿದವು ಸರ್ಕಾರದ ಸ್ವಂತ ಗಾಡಿಗಳು.

ಸರ್ಕಾರಕ್ಕೆ ಹಳೆಯ ಗಾಡಿಯ ಮೇಲೆ ಪ್ರೀತಿಯಿದೆ ಎಂದು ಇದರರ್ಥವಲ್ಲ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು, ನನ್ನ ನೋಂದಣಿ ಮುಗಿದದ್ದು ಅದೇ ಜೂನಿನಲ್ಲಿ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು, ನನ್ನ ಗಾಡಿಗೆ ಇಪ್ಪತ್ತು ತುಂಬುವುದು 2027ರಲ್ಲಿ. ನಾನು ಕಟ್ಟುವ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ದರ ಏರಿಸುವ ಈ ಲೆಕ್ಕಾಚಾರ ಯಾರದೋ ಗೊತ್ತಿಲ್ಲ, ಆದರೆ ಬಹಳ ಶಿಸ್ತಿನದು.

ಕೇಳುವುದರಲ್ಲಿಯೂ ಒಂದು ರೀತಿಯಿದೆ. ಹೆಚ್ಚಿನವರು ಬಾನೆಟ್ಟಿನ ಮೇಲೆ ಬೆರಳಿನ ಗಂಟಿನಿಂದ ಎರಡು ಸಲ ಬಡಿದು, ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟಿ, ಆಮೇಲೆ ಕೇಳುತ್ತಾರೆ. ಕೇಳಿದ ಮೇಲೆ ಉತ್ತರಕ್ಕೆ ಕಾಯುವುದಿಲ್ಲ, ತಮ್ಮ ಹೊಸ ಗಾಡಿಯ ಸನ್‌ರೂಫಿನ ವಿಷಯಕ್ಕೆ ಹೋಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 43, 44 ಡಿಗ್ರಿ ಕಾಯುವ ಊರಿನಲ್ಲಿ ಚಾವಣಿಯಲ್ಲಿ ಗಾಜಿನ ಕಿಂಡಿ ಮಾಡಿಸಿಕೊಂಡವರು ನನ್ನ ಬುದ್ಧಿಯ ಬಗ್ಗೆ ಚಿಂತಿಸುವುದನ್ನು ನಾನು ಸಹಿಸಿಕೊಂಡು ಬಂದಿದ್ದೇನೆ.

ಆದರೆ ಸೇಡಂ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆದದ್ದನ್ನು ಇನ್ನೂ ಸಹಿಸಲಾಗಿಲ್ಲ. ಹತ್ತಿರದ ಸಂಬಂಧಿಕರ ಮದುವೆ. ಅಕ್ಕಿಕಾಳಿಗೆ ತಡವಾಗಬಾರದೆಂದು ಬೇಗ ಹೋಗಿ, ಮುಂಬಾಗಿಲಿನ ಬಳಿ ಬೇವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಒಳಗೆ ಕೂತಿದ್ದೆ. ವರನ ತಮ್ಮ, ನಾನು ಎತ್ತಿ ಆಡಿಸಿದ ಹುಡುಗ, ಬಂದು ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಮಾಮಾ, ನಿಮ್ಮ ಗಾಡಿ ಸ್ವಲ್ಪ ಹಿಂದ ಹಚ್ರಿ, ಅಲ್ಲಿ ಶೂಟಿಂಗ್ ಮಾಡೋರಿದ್ದಾರ." ಸರಿ, ಮೆರವಣಿಗೆಗೆ ಜಾಗ ಬೇಕಿರಬಹುದೆಂದು ಎದ್ದು ಹೋದೆ. ಗಾಡಿಯನ್ನು ಮಂಟಪದ ಹಿಂದೆ, ಅಡುಗೆಯವರು ಬಾಂಡೆ ತೊಳೆಯುವ ಕಡೆ, ಗ್ಯಾಸ್ ಸಿಲಿಂಡರ್‌ಗಳ ಪಕ್ಕ ನಿಲ್ಲಿಸಿ ಮರಳಿ ಬಂದು ನೋಡಿದರೆ, ಬೇವಿನ ನೆರಳಿನಲ್ಲಿ ಬೇರೆಯವರ ದೊಡ್ಡ ಕರಿ ಗಾಡಿಯೊಂದು ನಿಂತಿತ್ತು. ಅದರ ಮುಂದೆ ವರನನ್ನು ನಿಲ್ಲಿಸಿ, ಬಾಗಿಲಿಗೆ ಕೈಯೂರಿಸಿ, ಕಣ್ಣಿಗೆ ಕರಿ ಕನ್ನಡಕ ಹಾಕಿಸಿ ವಿಡಿಯೋ ತೆಗೆಯುತ್ತಿದ್ದರು. ಆ ಗಾಡಿ ವರನದ್ದಾಗಿರಲಿಲ್ಲ, ಅವರಪ್ಪನದ್ದೂ ಆಗಿರಲಿಲ್ಲ. ಯಾರದೆಂದು ಕೇಳಿದರೆ ಅಲ್ಲಿದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಎದುರಿನ ಸಾಲಿನಲ್ಲಿದ್ದ ಬೀಗರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಸುತ್ತಲಿನವರಿಗೆಲ್ಲ ಕೇಳಿಸುವಂತೆ, "ಅಣ್ಣಾರ, ಇನ್ನಾ ಅದೇ ಗಾಡಿ ಏನು?" ಎಂದರು. ನಾನು, "ನಿಮ್ಮ ಗಾಡಿಯ ಕಂತು ಇನ್ನೆಷ್ಟು ವರ್ಷ ಅದ?" ಎಂದೆ. ಆಡಬಾರದ ಮಾತೆಂದು ಮನೆಯಲ್ಲಿ ಆಮೇಲೆ ಹೇಳಿಸಿಕೊಂಡೆ. ಇಂದಿಗೂ ನನಗೆ ಹಾಗೆ ಅನ್ನಿಸಿಲ್ಲ. ನನ್ನ ಗಾಡಿಯ ವಯಸ್ಸನ್ನು ಪಂಕ್ತಿಯಲ್ಲಿ ಕೇಳಬಹುದಾದರೆ ಅವರ ಸಾಲದ ವಯಸ್ಸನ್ನೂ ಪಂಕ್ತಿಯಲ್ಲಿಯೇ ಕೇಳಬಹುದು.

ಇಷ್ಟೆಲ್ಲ ಕೇಳುವವರಲ್ಲಿ ಒಬ್ಬರಾದರೂ, ಈ ಬಿಸಿಲಲ್ಲಿ, ಈ ಎರೆಮಣ್ಣಿನ ಊರಲ್ಲಿ ಇಷ್ಟು ವರ್ಷ ಗಾಡಿಯನ್ನು ಹೇಗೆ ಕಾಯ್ದಿರಿ ಎಂದು ಕೇಳಿದ್ದರೆ ಕೂರಿಸಿ ಚಹಾ ಕುಡಿಸುತ್ತಿದ್ದೆ. ನಮ್ಮ ಕಡೆ ಗಾಡಿಯ ಮೊದಲ ವೈರಿ ಬಿಸಿಲು. ಬ್ಯಾಟರಿಯ ನೀರು ಬೇಗ ಆರುತ್ತದೆ, ಒಳಗಿನ ತಟ್ಟೆಗಳು ಬೇಗ ಸವೆಯುತ್ತವೆ, ತಂಪು ಊರಿನಲ್ಲಿ ಬಾಳುವಷ್ಟು ಇಲ್ಲಿ ಬಾಳುವುದಿಲ್ಲ. ಟಯರಿನ ಮೇಲಿನ ಗೀರುಗಳು ಆಳವಾಗಿಯೇ ಇದ್ದರೂ ಪಕ್ಕದ ರಬ್ಬರು ಕೂದಲೆಳೆಯಂತೆ ಸೀಳುತ್ತದೆ. ಆದ್ದರಿಂದ ಅದರ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ನೋಡಬೇಕು. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟಯರು. ಹೊಸದೆಂದು ಹಾಕಿಸಿಕೊಳ್ಳುವಾಗಲೂ ಈ ಅಂಕಿ ಓದದೆ ದುಡ್ಡು ಕೊಡಬಾರದು, ಅಂಗಡಿಯಲ್ಲಿಯೇ ಮುದಿಯಾದ ಟಯರುಗಳನ್ನು ನಾನು ಕಂಡಿದ್ದೇನೆ.

ಎರೆಮಣ್ಣು ಇನ್ನೊಂದು ಬಗೆಯದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ನೆಲದ ಮೇಲೆ ಹಾಸಿದ ಡಾಂಬರು ಅಲೆಯಲೆಯಾಗಿ ಏಳುತ್ತದೆ, ಅದರ ಪೆಟ್ಟನ್ನೆಲ್ಲ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ತಿನ್ನುತ್ತವೆ. ಮಳೆಗಾಲದಲ್ಲಿ ಚಕ್ರದ ಮೇಲಿನ ಕಮಾನಿನೊಳಗೆ ಮೆತ್ತಿಕೊಂಡ ಮಣ್ಣು ವಾರಗಟ್ಟಲೆ ತೇವ ಹಿಡಿದಿಟ್ಟುಕೊಂಡು ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೇಲಿನ ಬಣ್ಣಕ್ಕೆ ಪಾಲಿಶ್ ಹಚ್ಚುವವರು ಬಹಳ, ಬಗ್ಗಿ ಕೆಳಗೆ ನೀರು ಹೊಡೆಯುವವರು ಕಡಿಮೆ. ಸೇಡಂ, ಮಳಖೇಡದ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಾಡುವವರ ಏರ್ ಫಿಲ್ಟರಿನ ಗತಿಯನ್ನು ವಿವರಿಸಬೇಕಾಗಿಲ್ಲ.

ಒಂದು ಬೇಸಿಗೆಯಲ್ಲಿ ಜೇವರ್ಗಿಯಿಂದ ಬರುವಾಗ, ಭೀಮಾ ಸೇತುವೆ ದಾಟಿದ ಮೇಲೆ ತಾಪಮಾನದ ಮುಳ್ಳು ಮೇಲಕ್ಕೇರಿತು. ನಿಲ್ಲಿಸಿ, ತಣಿಸಿ, ಹೇಗೋ ಊರು ಮುಟ್ಟಿಸಿ ಒಂದು ದೊಡ್ಡ ಗ್ಯಾರೇಜಿಗೆ ಬಿಟ್ಟೆ. ಅವರು ರೇಡಿಯೇಟರ್ ಹೊಸದಾಗಬೇಕು, ಹೆಡ್ ಗ್ಯಾಸ್ಕೆಟ್ಟೂ ಹೋಗಿರಬಹುದು ಎಂದು ಉದ್ದದ ಪಟ್ಟಿ ಬರೆದುಕೊಟ್ಟು, ಕೊನೆಯಲ್ಲಿ, "ಇಷ್ಟ್ ಖರ್ಚು ಮಾಡೋ ಬದಲಿ ಗಾಡಿನೇ ಕೊಟ್ಟುಬಿಡ್ರಿ ಸರ್" ಎಂದರು. ನಾನು ಗಾಡಿಯನ್ನು ಅಲ್ಲಿಂದ ತೆಗೆದು ನಮ್ಮ ಹಳೆಯ ಮಿಸ್ತ್ರಿಯ ಬಳಿಗೆ ಒಯ್ದೆ. ಅವರು ಇಂಜಿನ್ ಪೂರ್ತಿ ಆರುವವರೆಗೆ ಬೀಡಿ ಸೇದುತ್ತ ಕೂತಿದ್ದರು. ಆಮೇಲೆ ರೇಡಿಯೇಟರಿನ ಮುಚ್ಚಳ ಬಿಚ್ಚಿ, ತಿರುಗಿಸಿ, ಅದರ ಅಡಿಯ ಸಣ್ಣ ರಬ್ಬರ್ ಬಿಲ್ಲೆಯನ್ನು ಉಗುರಿನಿಂದ ಒತ್ತಿದರು. ರಬ್ಬರು ಒಣಗಿ ಅಂಚಿನಲ್ಲಿ ಸೀಳಿತ್ತು. "ರೇಡಿಯೇಟರ್ ಕೋ ಕುಛ್ ನೈ ಹುವಾ ಸಾಬ್, ಢಕ್ಕನ್ ಖರಾಬ್ ಹೈ" ಎಂದು ಮುಚ್ಚಳವನ್ನು ನನ್ನ ಅಂಗೈಯಲ್ಲಿಟ್ಟರು. ಆ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟರೆ ಇಂಜಿನ್ ತಣಿಸುವ ದ್ರವವಾದ ಕೂಲೆಂಟ್ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಒತ್ತಡ ಸೋರಿದರೆ ಅದಕ್ಕಿಂತ ಬಹಳ ಮೊದಲೇ ಕುದ್ದು ಹೊರಚೆಲ್ಲುತ್ತದೆ. ಮುಚ್ಚಳ ಬದಲಾಯಿಸಿ, ಯಾರೋ ಹಾಕಿದ್ದ ಬೋರಿನ ಗಡಸು ನೀರನ್ನು ಹೊರಚೆಲ್ಲಿ ಕೂಲೆಂಟ್ ತುಂಬಿದರು. ಆ ಪಟ್ಟಿ ಬರೆದುಕೊಟ್ಟವರ ಗ್ಯಾರೇಜಿನಲ್ಲಿ ಕಾಯುವವರಿಗೆ ಎಸಿ ಕೋಣೆಯಿತ್ತು ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಆದರೂ ನಾನು ನಿಜವಾಗಿ ಕಾಯುತ್ತಿದ್ದ ಪ್ರಶ್ನೆ, ಗಾಡಿಯನ್ನು ಹೇಗೆ ಕಾಯ್ದಿರಿ ಎಂಬುದೂ ಆಗಿರಲಿಲ್ಲ. ನಾನು ಕಾಯುತ್ತಿದ್ದುದನ್ನು ಕೇಳಿದವಳು ಬೀದರಿನಲ್ಲಿರುವ ನನ್ನ ತಂಗಿ ಒಬ್ಬಳೇ: "ಅಣ್ಣಾ, ನಿನ್ನ ಗಾಡಿದಾಗ ಬಲೂನ್ ಅದ ಏನು?" ಏರ್‌ಬ್ಯಾಗ್ ಎನ್ನುವುದಕ್ಕೆ ಅವಳು ಬಲೂನ್ ಎನ್ನುತ್ತಾಳೆ. ಇಲ್ಲ. ಬಲೂನೂ ಇಲ್ಲ, ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೂಡ ಇಲ್ಲ. ನಮ್ಮ ದೇಶದ ಹೊಸ ಕಾರುಗಳಿಗೆ ಇವೆರಡೂ ಕಡ್ಡಾಯವಾದದ್ದು 2019ರಲ್ಲಿ, ಅದೂ ಚಾಲಕನಿಗೊಂದೇ ಬಲೂನು. ಪಕ್ಕದವರಿಗೂ ಇರಬೇಕೆಂಬುದು 2021ರಿಂದೀಚಿನ ಮಾತು. ಎದುರಿನಿಂದ ಗುದ್ದಿಸಿ ನೋಡುವ ಪರೀಕ್ಷೆ ಕಡ್ಡಾಯವಾಗುವುದಕ್ಕೂ ಎಷ್ಟೋ ಮೊದಲು ರೂಪುಗೊಂಡ ಗಾಡಿ ನನ್ನದು. ಪಂಕ್ತಿಯಲ್ಲಿ ಕೇಳಿದ ಬೀಗರು ಇದನ್ನು ಕೇಳಿದ್ದರೆ ನನ್ನ ಬಳಿ ಎದುರುತ್ತರ ಇರುತ್ತಿರಲಿಲ್ಲ. ಆದರೆ ಗಾಡಿ ಹಳತಾದರೆ ಮಾನ ಹೋಗುತ್ತದೆಂಬ ಚಿಂತೆ ಎಲ್ಲರಿಗೂ ಇದ್ದಂತೆ, ಜೀವ ಹೋದೀತೆಂಬ ಚಿಂತೆ ಯಾರಿಗೂ ಬಂದಂತೆ ಕಾಣಲಿಲ್ಲ.

ತಂಗಿಗೆ ಕೊಟ್ಟ ಉತ್ತರವನ್ನೇ ಇಲ್ಲಿಯೂ ಕೊಡುತ್ತೇನೆ. ಈ ಗಾಡಿ ನನಗೆ ಊರೊಳಗಿನ ಓಡಾಟಕ್ಕೆ, ಹೊಲಕ್ಕೆ, ಗಾಣಗಾಪುರಕ್ಕೆ. ಮುಂದೆ ಕೂತವರಂತೆ ಹಿಂದೆ ಕೂತವರೂ ಬೆಲ್ಟ್ ಹಾಕಬೇಕು, ಹಾಕದಿದ್ದರೆ ಇಂಜಿನ್ ಚಾಲೂ ಆಗುವುದಿಲ್ಲ; ಗಾಡಿಯಲ್ಲಿ ಅಂಥ ವ್ಯವಸ್ಥೆಯಿಲ್ಲ, ನಾನೇ ಕೀಲಿ ತಿರುಗಿಸುವುದಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ಅಫಜಲಪುರ, ಆಳಂದದ ಕಡೆ ಕತ್ತಲಾದ ಮೇಲೆ ಹೋಗುವುದಿಲ್ಲ. ಹಿಂದೆ ದೀಪವೂ ಇಲ್ಲದೆ, ಹೊಳೆಯುವ ಪಟ್ಟಿಯೂ ಇಲ್ಲದೆ, ಎರಡು ಟ್ರಾಲಿ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರು ನನ್ನ ಮಾಸಿದ ಹೆಡ್‌ಲೈಟಿನ ಬೆಳಕಿಗೆ ಬೀಳುವ ಹೊತ್ತಿಗೆ ಬ್ರೇಕು ಒತ್ತಿ ಉಪಯೋಗವಿಲ್ಲ. ಇಲ್ಲಿಂದ ಬೀದರಿಗೆ 2017ರಲ್ಲಿ ನೇರ ರೈಲು ಮಾರ್ಗವಾದ ಮೇಲೆ ತಂಗಿಯ ಮನೆಗೆ ರೈಲಿನಲ್ಲಿ ಹೋಗುತ್ತೇನೆ. ಮೊಮ್ಮಗು ಬೆಂಗಳೂರಿನಲ್ಲಿದೆ, ಅಲ್ಲಿಗೂ ರೈಲೇ. ಹೈದರಾಬಾದಿನ ಆಸ್ಪತ್ರೆಗೆ ಹೋಗಬೇಕಾದರೆ ಏರ್‌ಬ್ಯಾಗ್ ಇರುವ ಬಾಡಿಗೆ ಗಾಡಿ ಗೊತ್ತು ಮಾಡುತ್ತೇನೆ, ಅದಕ್ಕೆ ತಗಲುವ ದುಡ್ಡನ್ನು ಹೊಸ ಗಾಡಿಗೆಂದು ಕಟ್ಟದೆ ಉಳಿದ ಕಂತಿನಿಂದ ತೆಗೆಯುತ್ತೇನೆ.

2027ರಲ್ಲಿ ಆ 10,000 ರೂಪಾಯಿ ಕಟ್ಟುವ ಮೊದಲು ಗಾಡಿಯನ್ನು ಮಿಸ್ತ್ರಿಯ ಬಳಿ ಮೇಲಕ್ಕೆತ್ತಿಸಿ, ಅಡಿಯ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿಸುತ್ತೇನೆ. ಚುಚ್ಚಿದ್ದು ಒಳಹೊಕ್ಕರೆ ಗುಜರಿಗೆ ಕೊಟ್ಟು, ಅವರು ಕೊಡುವ ಪ್ರಮಾಣಪತ್ರವನ್ನು ತೋರಿಸಿ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿ ಪಡೆಯುತ್ತೇನೆ. ಹೊಕ್ಕದಿದ್ದರೆ ದುಡ್ಡು ಕಟ್ಟಿ ಇನ್ನೈದು ವರ್ಷ ಓಡಿಸುತ್ತೇನೆ.